ಕೇಬಲ್ ತಾರಣ್ಣನ ನೆಟ್‌ವರ್ಕ್ ಕಾರ್ಡು

ಅಲೆವೂರಿನಲ್ಲಿ ಒಂದು ಕಾಲಕ್ಕೆ ಎಲ್ಲರಿಗಿಂತ ಹೆಚ್ಚು ಬೈಗುಳ ತಿಂದವರು ಯಾರು ಎಂದು ಕೇಳಿದರೆ, ಊರಿನವರು ಪಂಚಾಯತಿನ ಕಟ್ಟಡದ ಕಡೆಗೆ ಬೊಟ್ಟು ಮಾಡುವುದಿಲ್ಲ. ತಾರಾನಾಥನ ಮನೆಯ ಕಡೆಗೆ ಮಾಡುತ್ತಾರೆ. ಇಪ್ಪತ್ತು ಚಿಲ್ಲರೆ ವರ್ಷ ಊರಿಗೆಲ್ಲ ಕೇಬಲ್ ಟಿವಿ ಕೊಟ್ಟವನು ಅವನು. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಮೇಲೆ ಕೈ ಎತ್ತಿದ ಹೊತ್ತಿಗೇ ಎಲ್ಲಿಯೋ ಒಂದು ತೆಂಗಿನ ಗರಿ ವಯರಿನ ಮೇಲೆ ಬೀಳಬೇಕು. ಗರಿ ನೆಲ ಮುಟ್ಟುವ ಮೊದಲೇ ತಾರಾನಾಥನ ಫೋನು ಬಡಿದುಕೊಳ್ಳುತ್ತಿತ್ತು.

“ಎಂತ ತಾರಣ್ಣ, ಬದುಕಿದ್ದೀರಾ ಇಲ್ಲ ಹೋದ್ರಾ? ಇಲ್ಲಿ ಪೆಟ್ಟು ಬಿತ್ತಾ ಇಲ್ವಾ ಅಂತ ಗೊತ್ತಾಗದೆ ಕೂತಿದ್ದೇವೆ!”

“ಬಂದೆ, ಬಂದೆ” ಎನ್ನುತ್ತ ಅವನು ಸ್ಕೂಟರಿಗೆ ಏಣಿ ಕಟ್ಟಿಕೊಂಡು ಹೊರಡುತ್ತಿದ್ದ. ಉಣ್ಣಲು ಕೂತಲ್ಲಿ ಉಂಡು ಮುಗಿಸಿ ಎದ್ದ ನೆನಪು ಆ ವರ್ಷಗಳಲ್ಲಿ ಅವನಿಗಿಲ್ಲ. ಮದುವೆಯೂ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಒಳ್ಳೆಯ ಮುಹೂರ್ತದ ದಿನವೆಲ್ಲ ಬೇರೆಯವರ ಮದುವೆಯ ವಿಡಿಯೋಕ್ಕೆ ಬುಕ್ ಆಗಿರುತ್ತಿತ್ತು ಎನ್ನುತ್ತಿದ್ದ. ತಮಾಷೆಗೆ ಶುರು ಮಾಡಿದ ಮಾತು. ಐವತ್ತು ದಾಟಿದ ಮೇಲೆ ಅದೇ ನಿಜವಾದ ಕಾರಣದ ಹಾಗೆ ಅವನ ಕಿವಿಗೇ ಕೇಳಿಸತೊಡಗಿತು.

ಆಮೇಲೆ ಊರಿಗೆ ಡಿಶ್ ಬಂತು, ಅದರ ಬೆನ್ನಿಗೆ ಫೈಬರ್ ಬಂತು. “ತಾರಣ್ಣ, ಬೇಜಾರು ಮಾಡ್ಬೇಡಿ” ಎಂದು ಒಬ್ಬೊಬ್ಬರೇ ಕೇಬಲ್ ಬಿಡಿಸಿಕೊಂಡರು. ಬೇಜಾರು ಮಾಡಬೇಡಿ ಎಂದು ಅಷ್ಟು ಜನ ಹೇಳಿದರೆ ಯಾವನಿಗಾದರೂ ಬೇಜಾರಾಗುತ್ತದೆ. ತೆಂಗಿನ ಮರಗಳ ನಡುವೆ ಅವನ ಕಪ್ಪು ವಯರುಗಳು ಮಾತ್ರ ಜೋತುಕೊಂಡು ಉಳಿದವು. ಕಾಗೆಗಳು ಕನೆಕ್ಷನ್ ಬಿಟ್ಟಿರಲಿಲ್ಲ. ಫೋನು ಬಾಯಿ ಮುಚ್ಚಿತು. ಈಗ ಅದಕ್ಕೆ ಬರುತ್ತಿದ್ದುದು ಎರಡೇ ಧ್ವನಿ. ಸಾಲ ಬೇಕಾ ಎಂದು ಕೇಳುವ ಯಾವುದೋ ಕಂಪೆನಿಯ ಹೆಣ್ಣುಮಗಳದು ಒಂದು, ಇನ್ನಂಜೆಯಿಂದ ಅಕ್ಕ ಮೋಹಿನಿಯದು ಇನ್ನೊಂದು. ಮೊದಲನೆಯವಳ ಹತ್ತಿರ ತಾರಾನಾಥ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಮಾತನಾಡುತ್ತಿದ್ದ.

ಹೀಗಿರುವಾಗ ಅವನಿಗೆ ಸರ್ವರ್‌ನ ಮರುಳು ಹಿಡಿಯಿತು.

ಕೇಬಲಿನ ಕಾಲದಲ್ಲಿ ಅವನದೇ ಒಂದು ಲೋಕಲ್ ಚಾನೆಲ್ ಇತ್ತು. ಶಾಲೆಯ ವಾರ್ಷಿಕೋತ್ಸವ, ಭಜನಾ ಮಂಡಳಿಯ ಮಂಗಲೋತ್ಸವ, ಕೆಸರುಗದ್ದೆಯ ಆಟ, ಹಾಲಿನ ಸೊಸೈಟಿಯ ಮಹಾಸಭೆಯಲ್ಲಿ ಎರಡು ಪಂಗಡದವರು ಕುರ್ಚಿ ಎತ್ತಿದ್ದು, ಎಲ್ಲವನ್ನೂ ಅವನೇ ಹೆಗಲ ಮೇಲೆ ಕ್ಯಾಮೆರಾ ಇಟ್ಟು ಹಿಡಿದು ಸಂಜೆ ಹೊತ್ತು ಬಿಡುತ್ತಿದ್ದ. ಆ ಟೇಪುಗಳೆಲ್ಲ ಕಪಾಟಿನಲ್ಲಿ ಬೂಸಲು ಹಿಡಿಯುತ್ತಿದ್ದವು. ಅವನ್ನು ಒಂದು ಕಂಪ್ಯೂಟರಿಗೆ ಇಳಿಸಿ, ಆ ಕಂಪ್ಯೂಟರನ್ನು ಹಗಲೂ ರಾತ್ರಿ ಚಾಲೂ ಇಟ್ಟು, ಊರಿನ ಯಾರು ಬೇಕಾದರೂ ತಮ್ಮ ಮೊಬೈಲಿನಲ್ಲಿ ನೋಡುವ ಹಾಗೆ ಮಾಡಿದರೆ? ಮಣಿಪಾಲದ ಯಾವುದೋ ಆಫೀಸಿನವರು ಎಸೆಯುವ ಬದಲು ಮಾರಿದ ತೆಳ್ಳಗಿನ ಹಳೇ ಕಂಪ್ಯೂಟರೊಂದನ್ನು ಅವನು ತಂದ. ಅದಕ್ಕೆ ಲಿನಕ್ಸ್ ಹಾಕಿದ. ಲಿನಕ್ಸ್ ಏಕೆಂದರೆ ಅದು ಬಿಟ್ಟಿ. ಕಪ್ಪು ಪರದೆಯ ಮೇಲೆ ಏನಾದರೂ ಟೈಪು ಮಾಡಿದರೆ, ನೀನು ಮಾಡಿದ್ದು ತಪ್ಪು ಎಂದು ಅದು ಇಂಗ್ಲಿಷಿನಲ್ಲಿ ಬೈಯುತ್ತಿತ್ತು. ಬೈಯುವವರು ಒಬ್ಬರಾದರೂ ಸಿಕ್ಕರಲ್ಲ ಎಂದು ತಾರಾನಾಥ ಮಳೆಗಾಲವಿಡೀ ಅದರ ಮುಂದೆ ಕೂತ.

ಚೌತಿ ಕಳೆದ ಮೇಲೆ ಎಲ್ಲ ತಯಾರಾಯಿತು. ಸರ್ವರ್‌ನ ವಿಳಾಸವನ್ನೂ ಮೊಬೈಲು ಹಿಡಿದರೆ ಓದಿಕೊಳ್ಳುವ ಚೌಕದ ಗುರುತನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸಿ ಬಂದ. ತನ್ನ ಫೋನ್ ನಂಬರ್ ಹಾಕಲಿಲ್ಲ. ಅಲೆವೂರಿನಲ್ಲಿ ಕೇಬಲ್ ತಾರಣ್ಣನ ನಂಬರ್ ಇಲ್ಲದ ಮನೆ ಉಂಟಾ?

ಯಾರಾದರೂ ನೋಡುತ್ತಿದ್ದಾರಾ ಎಂದು ತಿಳಿಯಲು ದಾರಿ ಇರಲಿಲ್ಲ. ಸರ್ವರ್‌ನ ಬಾಗಿಲಿಗೆ ಯಾರು ಬಂದರು ಎಂಬುದೆಲ್ಲ ಅದರೊಳಗೆ ದಾಖಲಾಗುತ್ತದೆ, ನಿಜ. ಆದರೆ ಅದನ್ನು ತೆರೆದರೆ ಲೋಕದ ಯಾವ್ಯಾವುದೋ ಮೂಲೆಯ ಯಂತ್ರಗಳು ಬೀಗ ಸಡಿಲ ಉಂಟಾ ಎಂದು ತಟ್ಟಿ ಹೋದ ಗುರುತುಗಳೇ ಸಾಲುಸಾಲು. ಆ ಜಂಗುಳಿಯಲ್ಲಿ ಅಲೆವೂರಿನ ಮನುಷ್ಯನೊಬ್ಬ ಇದ್ದರೂ ತಾರಾನಾಥನಿಗೆ ಗೊತ್ತಾಗುವಂತಿರಲಿಲ್ಲ. ರಸ್ತೆಯಲ್ಲಿ ಸಿಕ್ಕವರು “ನೋಡ್ಬೇಕು ತಾರಣ್ಣ, ನೋಡ್ತೇವೆ” ಎನ್ನುತ್ತಿದ್ದರು. ಅದು ಕರಾವಳಿಯಲ್ಲಿ ಇಲ್ಲ ಎನ್ನುವ ರೀತಿ.

ದೀಪಾವಳಿಗೆ ಮುಂಚಿನ ತುಲಾ ತಿಂಗಳ ಒಂದು ಸಂಜೆ ಗುಡುಗು ಶುರುವಾಯಿತು. ನಮ್ಮ ಕಡೆ ಮೊದಲ ಗುಡುಗಿಗೆ ಜನ ದೇವರನ್ನು ನೆನೆಯುವ ಮೊದಲು ಪ್ಲಗ್ಗುಗಳನ್ನು ನೆನೆಯುತ್ತಾರೆ. ತಾರಾನಾಥನೂ ಓಡಾಡಿ ಟಿವಿ, ಫ್ರಿಜ್, ಮೋಡೆಮ್, ಸರ್ವರ್ ಎಲ್ಲದರ ಪ್ಲಗ್ ಕಿತ್ತ. ಕೀಳದೆ ಬಿಟ್ಟದ್ದು ಒಂದೇ. ಸರ್ವರ್ ಇದ್ದದ್ದು ಅಂಗಳದ ಮೂಲೆಯ ಹಳೇ ಕೇಬಲ್ ಕೋಣೆಯಲ್ಲಿ, ಮೋಡೆಮ್ ಮನೆಯೊಳಗೆ. ಎರಡರ ನಡುವಿನ ಲ್ಯಾನ್ ವಯರನ್ನು ನೆಲದಲ್ಲಿ ಹೂಳುವುದು ಲೋಕದ ಕ್ರಮ. ಆದರೆ ಇಪ್ಪತ್ತು ವರ್ಷ ಕೇಬಲ್ ಎಳೆದವನಿಗೆ ತೆಂಗಿನ ಮರ ಕಂಡರೆ ಕೈ ಸುಮ್ಮನಿರುವುದಿಲ್ಲ. ಅವನು ಅದನ್ನು ಮರದ ಮೇಲಿನಿಂದಲೇ ತಂದಿದ್ದ. ಸಿಡಿಲು ಪಕ್ಕದ ಗದ್ದೆಗೆ ಬಿತ್ತು. ಮರಕ್ಕೆ ಏನೂ ಆಗಲಿಲ್ಲ, ಅದರ ಹೊಡೆತ ವಯರಿನಲ್ಲಿ ಹರಿದು ಎರಡೂ ತುದಿಗೆ ಮುಟ್ಟಿತು. ಸರ್ವರ್ ಎದ್ದು ಕೂತಿತು, ಆದರೆ ಲ್ಯಾನ್ ವಯರು ಚುಚ್ಚುವ ತೂತಿನ ಪಕ್ಕದ ಹಸಿರು ದೀಪ ಹೊತ್ತಲಿಲ್ಲ. ಮೋಡೆಮನ್ನು ಫೈಬರಿನವರು ಮರುದಿನವೇ ಬದಲಾಯಿಸಿಕೊಟ್ಟರು. ಸರ್ವರ್ ಬದಲಾಯಿಸಿಕೊಡುವವರು ಯಾರು?

ಅದನ್ನು ಗೋಣಿಯಲ್ಲಿ ಸುತ್ತಿ ಉಡುಪಿಗೆ ಒಯ್ದ. ಸರ್ವಿಸ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೆರಾಲ್ಡನ ಕಂಪ್ಯೂಟರ್ ರಿಪೇರಿ ಅಂಗಡಿ. ಕೇಬಲಿನ ಕಾಲದ ಗುರುತು.

“ಲ್ಯಾನಿನ ಭಾಗ ಮಾತ್ರ ಸುಟ್ಟದ್ದು. ಬಾಕಿ ಎಲ್ಲ ಸರಿ ಉಂಟು” ಎಂದ ಹೆರಾಲ್ಡ್. “ಒಂದು ನೆಟ್‌ವರ್ಕ್ ಕಾರ್ಡು ಹಾಕಿದ್ರೆ ಮುಗೀತು.” ಕಪಾಟಿನಿಂದ ಅಂಗೈಯಷ್ಟಗಲದ ಒಂದು ಹಸಿರು ಹಲಗೆ ತೆಗೆದು ಮೇಜಿನ ಮೇಲಿಟ್ಟ. ಅದರ ಚಿಪ್ಪಿನ ಮೇಲೆ ಪುಟ್ಟದೊಂದು ಏಡಿಯ ಚಿತ್ರವಿತ್ತು, ಅದನ್ನು ಮಾಡಿದ ಕಂಪೆನಿಯ ಗುರುತು.

“ಏಡಿಯದ್ದಾ?” ಎಂದ ತಾರಾನಾಥ. “ಇಂಟರ್ನೆಟ್ಟಿನಲ್ಲಿ ಲಿನಕ್ಸಿನವರು ಇದಕ್ಕೆ ಮೂಗು ಮುರೀತಾರೆ. ಸರ್ವರ್‌ಗೆ ಹಾಕುದಾದ್ರೆ ದೊಡ್ಡ ಕಂಪೆನಿಯ ಎರಡು ತೂತಿನದ್ದೇ ಹಾಕ್ಬೇಕಂತೆ.”

“ಮೂಗು ಮುರಿಯುವವರು ಘಟ್ಟದ ಮೇಲಿನವರು ಇರ್ಬೇಕು. ಏಡಿಗೆ ಹೆದರುವ ಊರಾ ಇದು?” ಹೆರಾಲ್ಡ್ ನಕ್ಕ. “ದೊಡ್ಡ ಕಂಪೆನಿಯದ್ದು ತರಿಸಬಹುದು, ಕ್ರಯ ಮೂರು ಪಾಲು. ಅದರಲ್ಲಿಯೂ ನಕಲಿ ಬರ್ತದೆ. ಅದಿರ್ಲಿ, ನಿಮ್ಮ ಸರ್ವರ್ ಎಷ್ಟು ಜನ ನೋಡ್ತಾರೆ?”

ತಾರಾನಾಥ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಊರಿನವರು.”

“ಊರಿನವರು ಅಂದ್ರೆ?”

“ಅಂದ್ರೆ... ಊರಿನವರು.”

“ಅಂದಾಜು ಹೇಳಿ ಮಾರಾಯ್ರೆ. ಒಬ್ರು ಇಬ್ರು ನೋಡುದಾದ್ರೆ ಈ ಏಡಿಯೇ ಧಾರಾಳ. ಇಡೀ ಅಲೆವೂರು ಒಟ್ಟಿಗೆ ಬಂದು ಬೀಳುದಾದ್ರೆ ಮಾತ್ರ ದೊಡ್ಡದರ ಆಲೋಚನೆ ಮಾಡುವ.”

ಎಷ್ಟು ಸರಳ ಪ್ರಶ್ನೆ! ಏಡಿ ಸಾಕು ಎಂದರೆ ಯಾರೂ ಇಲ್ಲ ಎಂದು ಬಾಯಿಬಿಟ್ಟು ಒಪ್ಪಿಕೊಂಡ ಹಾಗೆ. “ಆಲೋಚನೆ ಮಾಡಿ ಹೇಳ್ತೇನೆ” ಎಂದು ಗೋಣಿಯನ್ನು ಮತ್ತೆ ಹೆಗಲಿಗೇರಿಸಿದ.

“ಬಂಗುಡೆ ಮೀನು ತಗೊಳ್ಳುವವರು ಕಿವಿರು ಎತ್ತಿ ನೋಡ್ತಾರೆ, ಆದ್ರೂ ಕಡೆಗೆ ತಗೊಳ್ತಾರೆ” ಎಂದು ಹೆರಾಲ್ಡ್ ಹಿಂದಿನಿಂದ ಕೂಗಿದ. “ನೀವು ಹಾಗೇ ಹೋಗ್ತೀರಲ್ಲ!”

ಬಸ್ಸಿನಲ್ಲಿ ಬರುವಾಗ ತಾರಾನಾಥನಿಗೆ ಒಂದು ಯೋಚನೆ ಬಂತು. ಬಂದದ್ದೇ ತಡ, ಅವನಿಗೆ ತನ್ನ ಬಗ್ಗೆಯೇ ಒಂದು ಗೌರವ ಹುಟ್ಟಿತು. ಈಗ ಸರ್ವರ್ ನಿಂತಿದೆಯಲ್ಲ, ನೋಡುವವರು ಇದ್ದರೆ ಫೋನು ಮಾಡದೆ ಇರುತ್ತಾರೆಯೇ? ಕೇಬಲ್ ಹೋದಾಗ ಬಾಯಿಪಾಠದ ಮಗ್ಗಿಯ ಹಾಗೆ ಬೈಗುಳ ಒಪ್ಪಿಸಿದ ಊರು ಇದು. ಒಬ್ಬರು ಬೈದರೆ ಒಬ್ಬರು ಇದ್ದಾರೆ, ಹತ್ತು ಜನ ಬೈದರೆ ಹತ್ತು. ಬೈಗುಳ ಎಣಿಸಿಕೊಂಡು ಕಾರ್ಡು ತೆಗೆದುಕೊಂಡರಾಯಿತು! ಅಲ್ಲಿಯವರೆಗೆ ಸರ್ವರ್ ಸತ್ತೇ ಇರಲಿ. ರಿಪೇರಿ ಮಾಡಿಬಿಟ್ಟರೆ ಕೇಳುವವರು ಇದ್ದರೋ ಇಲ್ಲವೋ ಎಂಬುದು ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಹಾಗೆ ಅವನು ಬೈಗುಳಕ್ಕೆ ಕಾಯತೊಡಗಿದ. ಸ್ನಾನಕ್ಕೆ ಹೋಗುವಾಗ ಫೋನನ್ನು ಬಚ್ಚಲಿನ ಕಿಟಕಿಯಲ್ಲಿ ಇಟ್ಟುಕೊಂಡ. ಒಮ್ಮೆ ಅದು ಬಡಿದುಕೊಂಡಾಗ ಸೋಪು ಹಚ್ಚಿದ ಮುಖದಲ್ಲೇ ಕಿವಿಗಿಟ್ಟ.

“ಹಲೋ, ಹೇಳಿ! ಬರ್ತಾ ಇಲ್ವಾ?”

“ಎಂತ ಬರ್ತಾ ಇಲ್ವಾ? ನೀನು ಬರ್ತಾ ಇಲ್ವಾ ಅಂತ ನಾನು ಕೇಳುದು” ಎಂದಳು ಅಕ್ಕ ಮೋಹಿನಿ. “ದೀಪಾವಳಿಗೆ ಬಾ. ಒಬ್ಬನೇ ಕೂತು ಎಂತ ಮಾಡ್ತೀಯಾ?”

“ಇಲ್ಲ ಅಕ್ಕ, ಸರ್ವರ್‌ದು ಸ್ವಲ್ಪ ಕೆಲಸ ಉಂಟು.”

“ಆ ಡಬ್ಬಿಗೆ ಹಬ್ಬ ಉಂಟಾ?”

ಅವನು ಹೋಗಲಿಲ್ಲ. ಹಬ್ಬದ ದಿನ ಎಲ್ಲರೂ ಮನೆಯಲ್ಲಿರುತ್ತಾರೆ, ಹಳೆಯದನ್ನು ನೆನಪು ಮಾಡಿಕೊಳ್ಳುತ್ತಾರೆ, ಸರ್ವರ್ ತೆರೆಯುತ್ತಾರೆ, ಇಲ್ಲ ಎಂದು ಕಂಡು ಸಿಟ್ಟಾಗುತ್ತಾರೆ ಎಂಬುದು ಅವನ ಲೆಕ್ಕಾಚಾರ. ಅಂಗಡಿಯಿಂದ ತಂದ ಅವಲಕ್ಕಿಗೆ ಬೆಲ್ಲ ಕಲಸಿಕೊಂಡು ಫೋನಿನ ಎದುರು ಕೂತ. ಊರಿನ ತುಂಬ ಪಟಾಕಿ ಸಿಡಿಯಿತು. ಸಾಲದ ಕಂಪೆನಿಯವಳಿಗೂ ಅಂದು ರಜೆ ಇದ್ದಿರಬೇಕು.

ಪಾಡ್ಯದ ಬೆಳಿಗ್ಗೆ ಪಕ್ಕದ ಮನೆಯ ಸಿಸಿಲಿಯಾ ಬಾಯಿ ಕಂಪೌಂಡಿನ ಮೇಲಿನಿಂದ ಇಣುಕಿದಳು. ಅರವತ್ತು ದಾಟಿದ, ಊರಿನ ಸುದ್ದಿಯನ್ನೆಲ್ಲ ಗೋಡೆಯ ಮೇಲೆ ಒಣಗಿಸಿ ಇಡುವ ಹೆಂಗಸು.

“ತಾರಣ್ಣ, ನಿಮ್ಮ ಪೆಟ್ಟಿಗೆ ಹಾಳಾಗಿ ಎಷ್ಟು ದಿನ ಆಯ್ತು! ಅದೊಂದು ಕಾರ್ಡು ಬೇಕಂತಲ್ಲ, ತರ್ಲಿಕ್ಕೆ ಆಗುದಿಲ್ವಾ?”

ತಾರಾನಾಥ ಕಂಪೌಂಡಿನ ಹತ್ತಿರ ಓಡಿಬಂದ. “ಯಾಕೆ ಬಾಯಮ್ಮ, ನೀವು ನೋಡ್ತಾ ಇದ್ರಾ?”

“ನಾನಾ? ನನ್ನ ಫೋನಿನಲ್ಲಿ ಒತ್ತಿದ್ರೆ ಮಾತ್ರ ಹೋಗ್ತದೆ, ಬೇರೆ ಎಂತ ಬರುದಿಲ್ಲ. ನಿಮ್ಮ ಮುಖ ನೋಡಿ ಹೇಳಿದ್ದು. ಹೆಣ್ಣು ನೋಡ್ಲಿಕ್ಕೆ ಹೋದವರೂ ಇಷ್ಟು ತಡ ಮಾಡುದಿಲ್ಲ.”

“ಒಳ್ಳೇದು ಸಿಕ್ಬೇಕಲ್ಲ ಬಾಯಮ್ಮ.”

“ಹಾಗೆ ಹೇಳಿ ಹೇಳಿಯೇ ಆ ಕೆಲಸವೂ ಆಗ್ಲಿಲ್ಲ” ಎಂದು ಅವಳು ಒಳಗೆ ಹೋದಳು.

ಆ ಮಾತು ಸ್ವಲ್ಪ ಆಳಕ್ಕೇ ಇಳಿಯಿತು. ಇನ್ನು ಕಾಯುವುದು ಬೇಡ ಎಂದು ತಾರಾನಾಥ ನಿರ್ಧರಿಸಿದ. ಹಾಗಂತ ಏಡಿಗೆ ಶರಣಾಗಲು ಮನಸ್ಸು ಒಪ್ಪಲಿಲ್ಲ. ಕಾರ್ಕಳದ ಆನೆಕೆರೆಯ ಹತ್ತಿರ ಧರ್ಮಪಾಲ ಎಂಬವರ ಗುಜರಿಗೆ ಯಾವುದೋ ಮುಚ್ಚಿದ ಆಫೀಸಿನ ಸರ್ವರ್ ಸಾಮಾನು ಬಂದಿದೆ, ಅದರಲ್ಲಿ ದೊಡ್ಡ ಕಂಪೆನಿಯ ಎರಡು ತೂತಿನ ಕಾರ್ಡೂ ಉಂಟು ಎಂದು ಯಾರೋ ಹೇಳಿದ್ದರು. ಅಸಲಿ ಸಾಮಾನು, ಗುಜರಿಯ ಕ್ರಯ. ಇಡೀ ಊರು ಬಂದು ಬಿದ್ದರೂ ತಡೆದುಕೊಳ್ಳುವಂಥದ್ದು. ಯಾರೂ ಬರಲಿಲ್ಲ ಎಂದರೆ ಅದು ಕಾರ್ಡಿನ ತಪ್ಪಲ್ಲ ಎಂದಾದರೂ ಆಗುತ್ತದೆ. ಮನೆಗೆ ಬೀಗ ಹಾಕಿ ಬಸ್ಸು ಹತ್ತಿದ. ಮಣಿಪಾಲ ದಾಟಿ, ಹಿರಿಯಡ್ಕ ದಾಟಿ, ಬೈಲೂರು ಬರುವಾಗ ಅವನಿಗೆ ಹಿತವಾದ ನಿದ್ದೆ ಹತ್ತಿತ್ತು.

ಧರ್ಮಪಾಲ ಕಾರ್ಡನ್ನು ಹಳೇ ಫ್ಯಾನುಗಳ ರಾಶಿಯ ಅಡಿಯಿಂದ ಎಳೆದು ಪಂಚೆಯ ಅಂಚಿನಲ್ಲಿ ಒರೆಸಿ ಕೊಟ್ಟರು. “ಇದು ಎಂತದ್ದಕ್ಕೆ ಅಂತ ನನಗೆ ಗೊತ್ತಿಲ್ಲ. ಭಾರ ಉಂಟು, ಒಳ್ಳೇದೇ ಇರ್ಬೇಕು.” ನಿಜಕ್ಕೂ ಭಾರವಿತ್ತು. ತಾರಾನಾಥ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಕಿಸೆಯಲ್ಲಿ ಎದೆಗೆ ತಾಗಿಸಿಕೊಂಡು ಸಂಜೆ ಊರಿಗೆ ಮರಳಿದ.

ಗೇಟಿನಲ್ಲೇ ಸಿಸಿಲಿಯಾ ಬಾಯಿ ಹಿಡಿದಳು.

“ಎಲ್ಲಿ ಹೋದದ್ದು ಮಾರಾಯ್ರೆ? ನಿಮ್ಮನ್ನು ಕೇಳಿಕೊಂಡು ಹುಲಿಗೆವ್ವ ಬಂದಿದ್ಳು.”

“ಯಾವ ಹುಲಿಗೆವ್ವ?”

“ನಮ್ಮ ಈ ಕಂಪೌಂಡು ಕಟ್ಟಿದ ಚಂದಪ್ಪನ ಹೆಂಡತಿ. ಬಡಗಣ ಸೀಮೆಯವರು, ಮಿಲ್ಲಿನ ಹಿಂದೆ ಕೋಣೆ ಮಾಡ್ಕೊಂಡು ಇದ್ರಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಅವಳ ಮಗಳ ಶಾಲೆಯ ಡ್ಯಾನ್ಸ್ ಉಂಟಂತೆ. ಸೊಸೈಟಿಯ ಗೋಡೆಯ ಹಾಳೆ ನೋಡಿದ ಮೇಲೆ ಮೊಬೈಲಿನಲ್ಲಿ ದಿನಾ ಕಾಣ್ತಿತ್ತು, ಈಗ ಕಾಣುದಿಲ್ಲ, ಯಾಕೆ ಅಂತ ಕೇಳ್ಲಿಕ್ಕೆ. ಮಗಳು ರಾಜಶ್ರೀ ಹಬ್ಬಕ್ಕೆ ಗಂಡನ ಮನೆಯಿಂದ ಬಂದಿದ್ಳು. ಅಮ್ಮ ಸಣ್ಣವಳಿರುವಾಗ ಹೇಗೆ ಕುಣಿದದ್ದು ತೋರಿಸು ಅಂತ ಮಗುವಿನದ್ದು ಒಂದೇ ಹಟವಂತೆ. ಗೇಟಿನ ಹತ್ರ ಸುಮಾರು ಹೊತ್ತು ನಿಂತ್ರು, ತಾಯಿ ಮಗಳು ಮಗು ಮೂರೂ ಜನ.”

“ಒಂದು ಫೋನು ಮಾಡ್ಬಾರದಾ ಬಾಯಮ್ಮ!”

“ಅವಳ ಹತ್ರ ನಿಮ್ಮ ನಂಬರ್ ಎಲ್ಲಿಂದ? ಅವರಿಗೆ ನೀವು ಯಾವಾಗ ಕೇಬಲ್ ಕೊಟ್ಟದ್ದು?”

ತಾರಾನಾಥ ಗೇಟಿನ ಚಿಲಕ ಹಿಡಿದುಕೊಂಡು ನಿಂತ. ನಿಜವೇ. ಆ ಕೋಣೆಗಳಿಗೆ ಅವನು ವಯರು ಎಳೆದೇ ಇರಲಿಲ್ಲ. ಅವರು ಟಿವಿ ನೋಡುತ್ತಿದ್ದುದು ಮಿಲ್ಲಿನ ಯಜಮಾನರ ಮನೆಯ ಕಿಟಕಿಯ ಹೊರಗೆ ನಿಂತು.

“ಈಗಲೇ ಹೋಗಿ ಬರ್ತೇನೆ.”

“ಎಲ್ಲಿಗೆ ಹೋಗುದು? ಮಧ್ಯಾಹ್ನದ ಬಸ್ಸಿಗೆ ಮಗಳು ಊರಿಗೆ ಹೋದ್ಳು. ಚಂದಪ್ಪನಿಗೆ ಕಾಪುವಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಗಂಡ ಹೆಂಡತಿ ಪಾತ್ರೆಪಗಡಿ ಕಟ್ಟಿಕೊಂಡು ಹೋದ್ರು. ನನ್ನ ಹತ್ರ ಅವನ ನಂಬರ್ ಉಂಟು, ಬೇಕಾ?”

“ಬೇಕು. ಆದ್ರೆ ಈಗ ಬೇಡ” ಎಂದ ತಾರಾನಾಥ. ಸರ್ವರ್ ಸತ್ತಿರುವಾಗ ಯಾವ ಬಾಯಿಯಿಂದ ಮಾತನಾಡುವುದು?

ಒಳಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಸರ್ವರ್‌ನ ಮುಚ್ಚಳ ತೆಗೆದು ಕಾರ್ಡು ಇಳಿಸಲು ಹೋದ. ಇಳಿಯಲಿಲ್ಲ. ಡಬ್ಬಿ ತೆಳ್ಳಗಿನದು, ಕಾರ್ಡಿಗೆ ತಾಗಿದ ತಗಡು ಅದರ ಎರಡು ಪಾಲು ಎತ್ತರ. ಜಾತಕವೆಲ್ಲ ನೋಡಿ, ಹುಡುಗನ ಎತ್ತರ ಕೇಳಲು ಮರೆತ ಸಂಬಂಧ. ಇಂಟರ್ನೆಟ್ಟಿನಲ್ಲಿ ಅಷ್ಟು ಓದಿದವನು ಒಂದು ಅಡಿಪಟ್ಟಿ ಹಿಡಿದು ಅಳೆದಿರಲಿಲ್ಲ. ಕಾರ್ಡನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಇಟ್ಟ. ಮೂರು ಜನ ಗೇಟಿನ ಹತ್ತಿರ ನಿಂತಿದ್ದರು. ಇಷ್ಟು ದಿನ ಅವನು ಕಾದಿದ್ದು ಅವರಿಗೇ, ಮತ್ತು ಅವರು ಬಂದ ಹೊತ್ತಿನಲ್ಲಿ ಅವನು ಬೈಲೂರಿನ ಬಸ್ಸಿನಲ್ಲಿ ತೂಕಡಿಸುತ್ತಿದ್ದ.

ಮರುದಿನ ಹೆರಾಲ್ಡ್ ಬಾಗಿಲು ತೆರೆಯುವಾಗಲೇ ಅವನು ಮೆಟ್ಟಿಲ ಮೇಲಿದ್ದ.

“ಏಡಿ ಕೊಡು ಮಾರಾಯ.”

“ಲೆಕ್ಕ ಸಿಕ್ಕಿತಾ? ಎಷ್ಟು ಜನ?”

“ಒಬ್ರು.”

ಹೆರಾಲ್ಡ್ ನಗಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿದ. ಪೊಟ್ಟಣದಲ್ಲಿ ಗಿಡ್ಡ ಡಬ್ಬಿಗೆ ಬೇಕಾದ ಗಿಡ್ಡ ತಗಡೂ ಇತ್ತು. ಅದನ್ನು ಹೆರಾಲ್ಡನೇ ಕಾರ್ಡಿಗೆ ತಿರುಪು ಬಿಗಿದು ಕೂರಿಸಿಕೊಟ್ಟ.

ಮನೆಗೆ ಬಂದು ಸರ್ವರನ್ನು ಕೇಬಲ್ ಕೋಣೆಯಿಂದ ಚಾವಡಿಗೆ ತಂದು, ಕಾರ್ಡು ಇಳಿಸಿ, ಮೋಡೆಮಿನ ಪಕ್ಕದಲ್ಲೇ ಇಟ್ಟ. ಮೊಳದುದ್ದದ ವಯರು ಸಾಕಾಯಿತು. ಲಿನಕ್ಸ್ ಏಡಿಯನ್ನು ಕಂಡು ಒಂದು ಮಾತೂ ಬೈಯಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಹಾಗೆ ಸ್ವೀಕರಿಸಿತು. ಹಸಿರು ದೀಪ ಹೊತ್ತಿತು. ತಾರಾನಾಥ ರಾಜಶ್ರೀಯ ಡ್ಯಾನ್ಸನ್ನು ಮೊದಲು ತಾನೇ ಹುಡುಕಿ ನೋಡಿದ. ಎರಡನೇ ಸಾಲಿನ ತುದಿಯಲ್ಲಿ, ಎಣ್ಣೆ ಹಾಕಿ ಬಿಗಿದ ಎರಡು ಜಡೆಯ ಹುಡುಗಿ. ಉಳಿದವರೆಲ್ಲ ಎಡಕ್ಕೆ ತಿರುಗಿದಾಗ ಅವಳೊಬ್ಬಳು ಬಲಕ್ಕೆ ತಿರುಗಿ, ಗೊತ್ತಾಗಿ, ನಗು ತಡೆಯಲಾರದೆ ಕುಣಿಯುತ್ತಿದ್ದಳು. ಕ್ಯಾಮೆರಾ ಬೇಕೆಂದೇ ಅವಳ ಮೇಲೆ ನಿಂತಿತ್ತು. ನಿಲ್ಲಿಸಿದವನು ತಾನೇ ಎಂಬುದು ಅವನಿಗೆ ಮರೆತೇಹೋಗಿತ್ತು.

ಆಮೇಲೆ ಚಂದಪ್ಪನ ನಂಬರಿಗೆ ಫೋನು ಮಾಡಿದ. ಎತ್ತಿದ್ದು ಹುಲಿಗೆವ್ವ.

“ನಾನು ಅಲೆವೂರಿನಿಂದ, ಕೇಬಲ್ ತಾರಾನಾಥ. ನೀವು ಬಂದಿದ್ರಿ, ನಾನು ಇರ್ಲಿಲ್ಲ.” ಬೈಗುಳಕ್ಕೆ ಕಿವಿಯನ್ನು ಸಿದ್ಧಮಾಡಿಕೊಂಡ.

“ಅಯ್ಯ, ಅದಕ್ಯಾಕ್ ಫೋನ್ ಮಾಡಾಕ ಹೋದ್ರಿ ಸರ? ಇರ್ಲಿ ಬಿಡ್ರಿ” ಎಂದಳು ಅವಳು. “ನಿಮಗೂ ನಿಮ್ಮ ಕೆಲಸ ಇರತಾವ. ಮೊಮ್ಮಗಳು ಒಂಚೂರು ಅತ್ಲು, ಆಮ್ಯಾಲ ಸುಮ್ನಾದ್ಲು.”

ಅವಳು ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ತಾರಾನಾಥ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. “ಈಗ ಸರಿಯಾಗಿದೆ. ಈಗ ಕಾಣ್ತದೆ.”

“ಹೌದೇನ್ರಿ? ಇನ್ನೊಮ್ಮೆ ಮಗಳು ಬಂದಾಗ ಅಲೆವೂರಿಗೆ ಕರ್ಕೊಂಡ್ ಬರ್ತೀನ್ರಿ, ಯಾವಾಗ ಬರ್ತಾಳೋ ಏನೋ.”

“ಇಲ್ಲಿಗೆ ಬರುದು ಬೇಡ ಹುಲಿಗೆವ್ವ. ಅದು ಎಲ್ಲಿಂದ ಬೇಕಾದ್ರೂ ಕಾಣ್ತದೆ. ಕಾಪುವಿನಲ್ಲೂ ಕಾಣ್ತದೆ, ಮಗಳ ಗಂಡನ ಮನೆಯಲ್ಲೂ ಕಾಣ್ತದೆ.”

“ನಿಮ್ಮ ಕೇಬಲ್ ಅಲ್ಲೀತನಕಾ ಐತೇನ್ರಿ?” ಅವಳ ಧ್ವನಿ ಏರಿತು.

“ಉಂಟು” ಎಂದ ತಾರಾನಾಥ. “ಅಲ್ಲಿಯವರೆಗೂ ಉಂಟು. ಮಗಳಿಗೆ ವಿಳಾಸ ಕಳಿಸಿ. ನನ್ನ ನಂಬರನ್ನೂ ಕೊಡಿ. ನಿಂತು ಹೋದ್ರೆ ಕೂಡಲೇ ಫೋನು ಮಾಡ್ಬೇಕು. ಮರ್ಯಾದೆ ಎಲ್ಲ ನೋಡ್ಬಾರ್ದು, ಬೈಬೇಕು.”

“ಅಯ್ಯ ಶಿವನ, ನಿಮಗ್ಯಾಕ್ ಬೈಯೂಣ್ರಿ?” ಎಂದು ನಕ್ಕು ಅವಳು ಫೋನಿಟ್ಟಳು.

ಸಂಜೆಯಾಯಿತು. ತಾರಾನಾಥ ಸರ್ವರ್‌ನ ಎದುರು ಕುರ್ಚಿ ಹಾಕಿಕೊಂಡು ಕೂತ. ಏಡಿಯ ಹಸಿರು ದೀಪ ಒಮ್ಮೆ ಸುಮ್ಮನಿರುತ್ತಿತ್ತು, ಒಮ್ಮೆ ಪಟಪಟ ಮಿಣುಕುತ್ತಿತ್ತು. ಮಿಣುಕಿದ್ದು ರಾಜಶ್ರೀಯ ಮಗು ನೋಡುತ್ತಿರುವುದಕ್ಕೋ, ಲೋಕದ ಇನ್ನೊಂದು ಮೂಲೆಯ ಯಂತ್ರ ಬೀಗ ತಟ್ಟುತ್ತಿರುವುದಕ್ಕೋ, ಹೇಗೆ ಹೇಳುವುದು? ಎರಡಕ್ಕೂ ದೀಪ ಒಂದೇ ರೀತಿ ಮಿಣುಕುತ್ತದೆ. ಫೋನು ಬರಲಿಲ್ಲ.

ಕತ್ತಲಾಗುವ ಮೊದಲು ಅವನು ಹೆಗಲಿಗೆ ಬೈರಾಸು ಹಾಕಿಕೊಂಡು ಕಂಪೌಂಡಿನ ಹತ್ತಿರ ಬಂದು ಕರೆದ.

“ಬಾಯಮ್ಮ, ನಾನು ಸ್ನಾನಕ್ಕೆ ಹೋಗ್ತೇನೆ. ಈ ಫೋನು ಸ್ವಲ್ಪ ಇಟ್ಕೊಳ್ಳಿ. ಯಾರಾದ್ರೂ ಬೈದ್ರೆ ನನ್ನನ್ನು ಕರೀರಿ.”

ಸಿಸಿಲಿಯಾ ಬಾಯಿ ಫೋನನ್ನು ಸೆರಗಿನಲ್ಲಿ ಒರೆಸಿ ನೋಡಿದಳು. “ಬೈಯದಿದ್ರೆ?”

“ಬೈಯದಿದ್ರೆ ನೋಡ್ತಾ ಇದ್ದಾರೆ ಅಂತ.”

ಅವನು ಬಚ್ಚಲಿಗೆ ಹೋಗಿ ನೀರು ಹೊಯ್ದುಕೊಂಡ. ನಡುನಡುವೆ ತಂಬಿಗೆ ಎತ್ತಿ ಹಿಡಿದು ಕಿವಿಗೊಟ್ಟ. ಗೋಡೆಯಾಚೆ ಸಿಸಿಲಿಯಾ ಬಾಯಿ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ತನ್ನ ಬೆಕ್ಕಿಗೆ ಏನೋ ಹೇಳುತ್ತಿದ್ದಳು. ಅಂದು ಅವನು ತಲೆಗೂ ಎಣ್ಣೆ ಹಚ್ಚಿಕೊಂಡಿದ್ದ; ಹಬ್ಬದ ದಿನ ಫೋನಿನ ಎದುರು ಕೂತು ಬಿಟ್ಟುಹೋದ ಎಣ್ಣೆಸ್ನಾನವನ್ನು ನಿಧಾನವಾಗಿ ಮುಗಿಸಿದ.